ಮಾವನ ಬೆರಳಿಗೊಂದು ಸಬ್‌ಮೆರೀನ್

ವಿಶಾಖಪಟ್ಟಣದ ಆರ್.ಕೆ. ಬೀಚ್‌ನಲ್ಲಿ ಸಂಜೆಯಾದರೆ ಮುರಿ ಮಿಕ್ಸ್ಚರ್ ಗಾಡಿ, ಸುಟ್ಟ ಜೋಳ, ಬಲೂನು, ಸೆಲ್ಫಿ ಎಲ್ಲವೂ ಒಟ್ಟಿಗೆ ಶುರುವಾಗುತ್ತೆ. ಆ ಗದ್ದಲದ ಪಕ್ಕದಲ್ಲೇ, ಮರಳಿನ ಅಂಚಿನಲ್ಲಿ, ಕಾಂಕ್ರೀಟ್ ಕಟ್ಟೆಯ ಮೇಲೆ 91 ಮೀಟರ್ ಉದ್ದದ ಸಬ್‌ಮೆರೀನ್ ಒಂದು ಕೂತಿದೆ. ಹೆಸರು ಐಎನ್‌ಎಸ್ ಕುರ್ಸುರಾ. 1969ರ ಡಿಸೆಂಬರ್ 18ರಂದು ಆಗಿನ ಸೋವಿಯತ್ ಒಕ್ಕೂಟದ ರಿಗಾದಲ್ಲಿ ನಮ್ಮ ನೌಕಾಪಡೆಗೆ ಸೇರಿದ ಹಡಗು ಇದು. 31 ವರ್ಷ ದುಡಿದು, 73,500 ನಾಟಿಕಲ್ ಮೈಲಿ ಓಡಾಡಿ, 2001ರ ಫೆಬ್ರವರಿ 27ರಂದು ನಿವೃತ್ತಿಯಾಯಿತು. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದ್ರೆ ಸುಮಾರು 1 ಲಕ್ಷ 36 ಸಾವಿರ ಕಿಲೋಮೀಟರ್. 2002ರ ಆಗಸ್ಟ್‌ನಿಂದ ಇದು ಮ್ಯೂಸಿಯಂ.

ಬಹಳಷ್ಟು ಜನ ಅರ್ಧ ಗಂಟೆಯಲ್ಲಿ ಒಳಗೆ ಹೋಗಿ ಹೊರಗೆ ಬರ್ತಾರೆ. ನಾನು ಎರಡು ದಿನ ಇದ್ದೆ. ಕೈಯಲ್ಲಿ ನೋಟ್‌ಬುಕ್, ಜೇಬಲ್ಲಿ ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿದ ದಾರ. ಯಾಕಂದ್ರೆ ನನಗೆ ಈ ಸಬ್‌ಮೆರೀನ್‌ನ ಚಿಕ್ಕ ಮಾದರಿಯೊಂದನ್ನು ಮಾಡಬೇಕಿತ್ತು. ಅದೂ ಕುಮಟಾದಲ್ಲಿರುವ ನನ್ನ ಸೋದರಮಾವನಿಗೆ.

ಮಾವ ನೌಕಾಪಡೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದ ಸೇಲರ್ ಆಗಿದ್ದವರು. ಎಂಬತ್ತರ ದಶಕದಲ್ಲಿ ಹಲವು ವರ್ಷ ಸಬ್‌ಮೆರೀನ್‌ನಲ್ಲಿದ್ದರು. ಕುರ್ಸುರಾದಲ್ಲಿ ಅಲ್ಲ, ಅದೇ ಜಾತಿಯ ಇನ್ನೊಂದರಲ್ಲಿ. ಇವುಗಳನ್ನು ಫಾಕ್ಸ್‌ಟ್ರಾಟ್ ಅಂತಾರೆ. ಭಾರತ ಒಟ್ಟು ಎಂಟು ತಗೊಂಡಿತ್ತು, ಕೊನೆಯವು 2010ರಲ್ಲಿ ನಿವೃತ್ತಿಯಾದವು. ಮಾವ ಕೆಲಸ ಮಾಡಿದ ಸಬ್‌ಮೆರೀನ್ ಈಗ ಇಲ್ಲ. ಫೋಟೊಗಳೂ ಇಲ್ಲ. ಆ ಕಾಲದಲ್ಲಿ ಸೇಲರ್ ಕೈಗೆ ಒಳಗೆ ಕ್ಯಾಮೆರಾ ಯಾರು ಕೊಡ್ತಾರೆ?

ಮೂರು ವರ್ಷದಿಂದ ಮಾವನಿಗೆ ಗ್ಲಾಕೋಮಾ. ಈಗ ಬೆಳಕು, ನೆರಳು ಇಷ್ಟೇ ಗೊತ್ತಾಗೋದು. ಹೋದ ಗಣೇಶ ಚೌತಿಗೆ ಊರಿಗೆ ಹೋಗಿದ್ದಾಗ ಸುಮ್ಮನೆ ಮಾತಿಗೆ ಅಂತ ಹೇಳಿದರು: "ತಮಾ, ನಾನು ಎಂಥಾ ಜಾಗದಲ್ಲಿದ್ದೆ ಅಂತ ನಿನ್ನ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಈಗೀಗ ನೆನಪಲ್ಲಿ ಅದು ಮಸುಕಾಗ್ತಾ ಉಂಟು."

ನಾನು ಕಾಲೇಜಿನಿಂದಲೂ ವಿಮಾನ, ಹಡಗುಗಳ ಸ್ಕೇಲ್ ಮಾಡೆಲ್ ಮಾಡೋ ಹುಚ್ಚಿನವನು. ವಾರವಿಡೀ ಸ್ಕ್ರೀನ್ ಮೇಲೆ ಕೋಡ್, ವೀಕೆಂಡ್‌ನಲ್ಲಿ ಕೈಗೆ ಅಂಟು. ಆವತ್ತು ಮಾವನಿಗೆ ಏನೂ ಹೇಳಲಿಲ್ಲ. ಬೆಂಗಳೂರಿಗೆ ಬಂದವನೇ ಪ್ರಶಾಂತಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಬುಕ್ ಮಾಡಿದೆ.

ಒಂದಕ್ಕೆ ನೂರು

ಅಂಗಡಿಯಲ್ಲಿ ಸಿಗೋ ಕಿಟ್‌ನಲ್ಲಿ ಎಲ್ಲ ಭಾಗಗಳೂ ಅಚ್ಚು ಹಾಕಿಸಿಕೊಂಡು ಬಂದಿರ್ತವೆ, ನಾವು ಜೋಡಿಸಿ ಬಣ್ಣ ಹಚ್ಚಬೇಕು ಅಷ್ಟೆ. ಏನೂ ಇಲ್ಲದ ಕಡೆಯಿಂದ, ಪೈಪು, ತಂತಿ, ತಗಡಿನಿಂದ ಮಾಡೋದಕ್ಕೆ ಸ್ಕ್ರ್ಯಾಚ್ ಬಿಲ್ಡ್ ಅಂತಾರೆ. ನಾನು ಈ ದಾರಿ ಹಿಡಿಯೋಕೆ ಕಾರಣ ಇದೆ. ಕಿಟ್‌ಗಳು ಕಣ್ಣಿಗಾಗಿ ಮಾಡಿದವು. ಅದರ ಕಂಬಿಗಳನ್ನು ಬೆರಳಿಂದ ಸವರಿದರೆ ಪಟ್ ಅಂತ ಮುರೀತವೆ. ನನಗೆ ಬೇಕಾಗಿದ್ದು ಕೈಯಲ್ಲಿ ನೋಡುವ ಮಾದರಿ.

ಸ್ಕೇಲ್ ಆರಿಸೋದು ಸುಲಭವಾಯ್ತು. ಫಾಕ್ಸ್‌ಟ್ರಾಟ್‌ನ ಉದ್ದ 91.3 ಮೀಟರ್, ಅಗಲ ಸುಮಾರು ಏಳೂವರೆ ಮೀಟರ್. ಒಂದಕ್ಕೆ ನೂರರಂತೆ ಕುಗ್ಗಿಸಿದರೆ ಉದ್ದ 91 ಸೆಂಟಿಮೀಟರ್, ಅಗಲ 75 ಮಿಲಿಮೀಟರ್. 75 ಮಿಲಿಮೀಟರ್ ಅಂದ್ರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗೋ ಪಿವಿಸಿ ಪೈಪ್! ಮಹಡಿಯ ಮಳೆನೀರು ಇಳಿಸೋಕೆ ಹಾಕ್ತಾರಲ್ಲ, ಅದೇ. ಲೆಕ್ಕವೂ ಸರಳ. ಅಲ್ಲಿನ ಒಂದು ಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಅಲ್ಲಿನ ಒಂದು ಸೆಂಟಿಮೀಟರ್ ಇಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ.

ಕೊನೆಯ ಈ ಸಾಲಿನಲ್ಲೇ ಇಡೀ ಕಷ್ಟ ಇರೋದು. ಮೂರು ಸೆಂಟಿಮೀಟರ್ ದಪ್ಪದ ಕಬ್ಬಿಣದ ಹಿಡಿಕೆ ನನ್ನ ಮಾದರಿಯಲ್ಲಿ 0.3 ಮಿಲಿಮೀಟರ್ ಆಗುತ್ತೆ. ಅಷ್ಟು ತೆಳುವಾದದ್ದು ಮಾವನ ಹೆಬ್ಬೆರಳಿಗೆ ಗೊತ್ತಾಗುತ್ತಾ? ಗೊತ್ತಾದರೂ ಉಳಿಯುತ್ತಾ?

ಉತ್ತರ ಸಿಕ್ಕಿದ್ದು ಬ್ರೈಲ್ ಲಿಪಿಯಲ್ಲಿ. ಬ್ರೈಲ್ ಚುಕ್ಕಿಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್, ಎತ್ತರ ಸುಮಾರು ಅರ್ಧ ಮಿಲಿಮೀಟರ್. ಬೆರಳ ತುದಿ ಆರಾಮಾಗಿ ಓದಬಲ್ಲ ಅಳತೆ ಅದು. ನಾನು ಅದನ್ನೇ ನಿಯಮ ಮಾಡಿಕೊಂಡೆ. ಎರಡು ವಸ್ತುಗಳ ನಡುವೆ ಎರಡೂವರೆ ಮಿಲಿಮೀಟರ್ ಜಾಗ ಇಲ್ಲದಿದ್ದರೆ ಒಂದನ್ನು ಕೈಬಿಡಬೇಕು. ಅರ್ಧ ಮಿಲಿಮೀಟರಿಗಿಂತ ಕಡಿಮೆ ಎತ್ತರದ್ದು ಏನೂ ಬೇಡ. ಚುಚ್ಚುವಂಥದ್ದು, ಮುರಿಯುವಂಥದ್ದು ಬೇಡವೇ ಬೇಡ. ಹಾಗಾದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು? ಇದನ್ನು ಬೆಂಗಳೂರಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ. ಕುರ್ಸುರಾದ ಮುಂದೆ ನಿಲ್ಲಬೇಕಿತ್ತು.

ಕಿಂಡಿಗಳ ಸಾಲು

ಮೊದಲ ದಿನ ಹೊರಗಿನ ಕೆಲಸ. ಸಬ್‌ಮೆರೀನ್‌ನ ಪಕ್ಕ ನಡೆದರೆ ಮೊದಲು ಕಣ್ಣಿಗೆ ಬೀಳೋದು ಮೈತುಂಬ ಸಾಲಾಗಿರುವ ಕಿಂಡಿಗಳು. ನನ್ನ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಅಪ್ಪನನ್ನು ತೆಲುಗಿನಲ್ಲಿ ಕೇಳ್ತಾ ಇದ್ದಳು, ಇಷ್ಟೊಂದು ತೂತು ಇದ್ರೆ ನೀರು ಒಳಗೆ ಬರಲ್ವಾ ಅಂತ.

ಬರುತ್ತೆ. ಬರಲಿ ಅಂತಲೇ ಅವನ್ನು ಇಟ್ಟಿರೋದು. ಫಾಕ್ಸ್‌ಟ್ರಾಟ್‌ಗೆ ಎರಡು ಮೈ. ಒಳಗಿನದು ಗಟ್ಟಿ ಉಕ್ಕಿನ ಸಿಲಿಂಡರ್, ಜನ ಇರೋದು ಅದರಲ್ಲಿ. ನಮಗೆ ಕಾಣೋದು ಹೊರಗಿನ ತೆಳು ಹೊದಿಕೆ. ನೀರಿನೊಳಗೆ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತಾ ಹೋಗುತ್ತೆ. 200 ಮೀಟರ್ ಕೆಳಗೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ 20 ಕಿಲೋ! ತೆಳು ಹೊದಿಕೆಯೊಳಗೆ ಗಾಳಿ ಇದ್ದರೆ ಡಬ್ಬದಂತೆ ಅಪ್ಪಚ್ಚಿಯಾಗುತ್ತೆ. ಅದಕ್ಕೇ ಕಿಂಡಿಗಳ ಮೂಲಕ ಸಮುದ್ರವನ್ನೇ ಒಳಗೆ ಬಿಟ್ಟುಕೊಳ್ಳೋದು. ಎರಡೂ ಕಡೆ ಒತ್ತಡ ಸಮ ಆದ ಮೇಲೆ ಹೊದಿಕೆಗೆ ಚಿಂತೆ ಇಲ್ಲ. ಮೇಲೆ ಬಂದಾಗ ಅದೇ ಕಿಂಡಿಗಳಿಂದ ನೀರು ಸುರಿದು ಹೋಗುತ್ತೆ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಖಾತ್ರಿಯಾಯ್ತು: ಕಿಂಡಿಗಳು ಬೇಕೇ ಬೇಕು. ಬೆರಳಿಗೆ ಅವು ಸುಲಭವಾಗಿ ಸಿಗ್ತವೆ ಕೂಡ. ಒಂದು ಅಡಿ ಉದ್ದದ ಕಿಂಡಿ ನನ್ನ ಮಾದರಿಯಲ್ಲಿ ಮೂರು ಮಿಲಿಮೀಟರ್.

ಅಷ್ಟು ದೊಡ್ಡ ವಸ್ತುವಿನ ಅಳತೆ ತಗೊಳ್ಳೋದು ಹೇಗೆ? ಏಣಿ ಹಾಕಿ ಟೇಪ್ ಹಿಡಿಯೋಕೆ ಯಾರೂ ಬಿಡಲ್ಲ. ಫೋನ್ ಸಾಕು. ಹತ್ತಿರ ನಿಂತು ವೈಡ್ ಲೆನ್ಸ್‌ನಲ್ಲಿ ತೆಗೆದರೆ ಅಂಚುಗಳು ಬಾಗ್ತವೆ, ಹತ್ತಿರದ್ದು ದೊಡ್ಡದಾಗಿ ಕಾಣುತ್ತೆ. ಸಾಧ್ಯವಾದಷ್ಟು ದೂರ ಹೋಗಿ, ಜೂಮ್ ಮಾಡಿ, ನೇರ ಅಡ್ಡಡ್ಡ ನಿಂತು ತೆಗೀಬೇಕು. ಚಿತ್ರದಲ್ಲಿ ಅಳತೆ ಗೊತ್ತಿರುವ ಒಂದಾದರೂ ವಸ್ತು ಇರಬೇಕು. ರಾತ್ರಿ ಲಾಡ್ಜ್‌ನಲ್ಲಿ ಲ್ಯಾಪ್‌ಟಾಪ್ ತೆಗೆದು ಪಿಕ್ಸೆಲ್ ಎಣಿಸಿ ಸ್ಪ್ರೆಡ್‌ಶೀಟ್ ತುಂಬಿಸಿದೆ. ಕೈಗೆ ಎಟಕುವ ಜಾಗಗಳಿಗೆ ಗಂಟಿನ ದಾರ, ಅದೂ ಆಗದ ಕಡೆ ಗೇಣು.

ಮ್ಯೂಸಿಯಂ ಆದ ಮೇಲೆ ಸೇರಿದ್ದನ್ನು ಕಳೆಯಬೇಕು ಅನ್ನೋದೂ ನೆನಪಿರಲಿ. ನಾವು ಮೆಟ್ಟಿಲು ಹತ್ತಿ ಆರಾಮಾಗಿ ಒಳಗೆ ಹೋಗುವ ಬಾಗಿಲು ಪ್ರವಾಸಿಗರಿಗಾಗಿ ಕೊರೆದದ್ದು. ಸಮುದ್ರದಲ್ಲಿದ್ದಾಗ ಮೈ ಪಕ್ಕದಲ್ಲಿ ಬಾಗಿಲು ಇರೋಕೆ ಸಾಧ್ಯವೇ ಇಲ್ಲ. ಇಳಿಯೋದು, ಹತ್ತೋದು ಎಲ್ಲ ಮೇಲಿನ ದುಂಡು ಹ್ಯಾಚ್‌ಗಳಿಂದ. ಉಪ್ಪುಗಾಳಿಗೆ ತುಕ್ಕು ಹಿಡಿದು, ಕೆರೆದು, ಮತ್ತೆ ಮತ್ತೆ ಬಣ್ಣ ಬಳಿದ ಮೈ ಇದು. ಅದರ ಹಿಂದೆ ಮಾವನ ಕಾಲದ ಸಬ್‌ಮೆರೀನ್ ಹುಡುಕಬೇಕಿತ್ತು.

ಏಳು ಕೋಣೆ

ಒಳಗೆ ಗೈಡ್ ಆಗಿದ್ದವರು ನೌಕಾಪಡೆಯಿಂದ ನಿವೃತ್ತರಾದವರು. ನಮ್ಮ ಮಾವ ಫಾಕ್ಸ್‌ಟ್ರಾಟ್‌ನಲ್ಲಿದ್ದರು, ಎಲೆಕ್ಟ್ರಿಕಲ್ ಅಂದೆ. ಅವರು ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕಂಪಾರ್ಟ್‌ಮೆಂಟ್?" ನಾವು ಯಾವ ಊರು ಅಂತ ಕೇಳ್ತೀವಲ್ಲ, ಹಾಗಿತ್ತು ಆ ದನಿ.

ಕುರ್ಸುರಾದಲ್ಲಿ ಏಳು ಕೋಣೆಗಳು, ರೈಲಿನ ಬೋಗಿಗಳಂತೆ ಒಂದರ ಹಿಂದೆ ಒಂದು. ಮುಂದೆ ಆರು ಟಾರ್ಪೆಡೊ ಕೊಳವೆಗಳ ಕೋಣೆ. ಎರಡನೆಯದು ಅಧಿಕಾರಿಗಳದ್ದು. ಮೂರನೆಯದು ಕಂಟ್ರೋಲ್ ರೂಮ್, ಪೆರಿಸ್ಕೋಪ್ ಇರೋದು ಇಲ್ಲಿ. ನಾಲ್ಕರಲ್ಲಿ ಸೇಲರ್‌ಗಳ ಮಲಗುವ ಜಾಗ ಮತ್ತು ಅಡುಗೆ. ಐದರಲ್ಲಿ ಮೂರು ಡೀಸೆಲ್ ಎಂಜಿನ್, ಆರರಲ್ಲಿ ಎಲೆಕ್ಟ್ರಿಕ್ ಮೋಟಾರ್‌ಗಳು, ಕೊನೆಯದರಲ್ಲಿ ಮತ್ತೆ ನಾಲ್ಕು ಟಾರ್ಪೆಡೊ ಕೊಳವೆಗಳು. ಕೋಣೆಯಿಂದ ಕೋಣೆಗೆ ಹೋಗೋಕೆ ದುಂಡನೆಯ ತೂತು. ಮೇಲಿನ ಹಿಡಿ ಹಿಡಿದು, ಮೊದಲು ಕಾಲು ಹಾಕಿ, ಆಮೇಲೆ ಮೈ ತೂರಿಸಬೇಕು ಅಂತ ಗೈಡ್ ತೋರಿಸಿಕೊಟ್ಟರು. ಒಂದು ಕೋಣೆಗೆ ನೀರು ನುಗ್ಗಿದರೆ ಆ ತೂತನ್ನು ಮುಚ್ಚಿ ಉಳಿದವರನ್ನು ಉಳಿಸಿಕೊಳ್ಳೋದು ಅದರ ಉದ್ದೇಶ. ಮುಚ್ಚಿದ ಮೇಲೆ ಆ ಕಡೆ ಇರುವವರು ಆ ಕಡೆಯೇ.

ನಾಲ್ಕನೇ ಕೋಣೆಯಲ್ಲಿ ಗೈಡ್ ನೆಲವನ್ನು ಕಾಲಿಂದ ತಟ್ಟಿದರು. "ಇದರ ಕೆಳಗೆ ನಿಮ್ಮ ಮಾವ."

ಎರಡು ಮತ್ತು ನಾಲ್ಕನೇ ಕೋಣೆಗಳ ನೆಲದಡಿ ಬ್ಯಾಟರಿ. ಒಟ್ಟು 448 ಸೆಲ್‌ಗಳು. ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿಯ ಜಾತಿಯವೇ, ಆದರೆ ಒಂದೊಂದೂ ಅದಕ್ಕಿಂತ ತುಂಬಾ ದೊಡ್ಡವು. ನೀರಿನಡಿ ಸಬ್‌ಮೆರೀನ್ ಓಡೋದು ಇವುಗಳ ಬಲದಲ್ಲಿ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ಆಳದಲ್ಲಿ ಗಾಳಿ ಎಲ್ಲಿಂದ ಬರಬೇಕು? ಹಾಗಾಗಿ ಆಗಾಗ ಮೇಲಿನ ಹತ್ತಿರ ಬಂದು, ಸ್ನಾರ್ಕೆಲ್ ಅನ್ನೋ ಕೊಳವೆಯನ್ನು ಮಾತ್ರ ನೀರಿನಿಂದ ಹೊರಗೆ ಚಾಚಿ, ಡೀಸೆಲ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತೆ. ಗಾಳಿಯಲ್ಲಿ ಅದು ಶೇಕಡಾ 4 ದಾಟಿದರೆ ಒಂದು ಕಿಡಿ ಸಾಕು. ಮಾವನ ಕೆಲಸ ಆ ಸೆಲ್‌ಗಳ ಮಧ್ಯೆ ತೆವಳಿಕೊಂಡು ಹೋಗಿ ಆಸಿಡ್ ನೋಡೋದು, ಡಿಸ್ಟಿಲ್ಡ್ ವಾಟರ್ ತುಂಬೋದು, ಹೈಡ್ರೋಜನ್ ಎಷ್ಟಿದೆ ಅಂತ ಬರೆದಿಡೋದು. ನಾನು ಇಷ್ಟು ವರ್ಷ ಮಾವ "ನೇವಿಯಲ್ಲಿ ಕರೆಂಟ್ ಕೆಲಸ" ಅಂತ ಮಾತ್ರ ತಿಳಿದಿದ್ದೆ.

ಹೊರಗೆ ಬಂದು ಮತ್ತೆ ಮೈಮೇಲಿನ ವಿವರಗಳನ್ನು ನೋಡಿದರೆ ಎಲ್ಲವೂ ಬೇರೆಯಾಗಿ ಕಾಣ್ತಿತ್ತು. ಸ್ನಾರ್ಕೆಲ್ ಒಂದು ಕೊಳವೆ ಮಾತ್ರ ಆಗಿ ಉಳಿಯಲಿಲ್ಲ, ಅದು ಎಪ್ಪತ್ತೈದು ಜನರ ಮೂಗು. ಡೆಕ್ ಮೇಲಿನ ಹ್ಯಾಚ್ ಸುತ್ತ ಒಂದು ಚಪ್ಪಟೆ ಉಂಗುರ ಇರುತ್ತೆ. ಸಬ್‌ಮೆರೀನ್ ತಳ ಸೇರಿದರೆ ಮೇಲಿನಿಂದ ಇಳಿಸುವ ರಕ್ಷಣಾ ಗಂಟೆ ಬಂದು ಕೂರೋದು ಅದರ ಮೇಲೆ. ಅವಘಡದಲ್ಲಿ ಬಿಡುಗಡೆಯಾಗಿ ನೀರಿನ ಮೇಲೆ ತೇಲಿ, ಸಬ್‌ಮೆರೀನ್ ಇಲ್ಲೇ ಕೆಳಗಿದೆ ಅಂತ ಜಾಗ ತೋರಿಸುವ ಬೋಯ್ ಇರುತ್ತೆ. ಅದರೊಳಗೆ ಫೋನ್ ಕೂಡ.

ಇದೇ ಬೀಚ್ ರಸ್ತೆಯಲ್ಲಿ, ಸ್ವಲ್ಪವೇ ದೂರದಲ್ಲಿ, 1971ರ ಯುದ್ಧದ ವಿಜಯ ಸ್ಮಾರಕ ಇದೆ. ಆ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮೆರೀನ್ ಮುಳುಗಿದ್ದು ಈ ಬಂದರಿನ ಹೊರಗಿನ ನೀರಲ್ಲೇ. ಒಳಗಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಶತ್ರುವಿನದೇ ಇರಲಿ, ನಾಲ್ಕನೇ ಕೋಣೆಯ ನೆಲ ನೋಡಿ ಬಂದ ಮೇಲೆ ಆ ಕಡೆಯ ಸಮುದ್ರವನ್ನು ಸುಮ್ಮನೆ ನೋಡ್ತಾ ನಿಲ್ಲೋಕೆ ಆಗಲಿಲ್ಲ.

ಆ ರಾತ್ರಿ ಪಟ್ಟಿ ಮುಗಿಯಿತು. ಪ್ಲೇಟ್‌ಗಳ ನಡುವಿನ ವೆಲ್ಡಿಂಗ್ ಗೆರೆಗಳನ್ನು ಕೈಬಿಟ್ಟೆ, ನಿಜವಾದ ಅಳತೆಯಲ್ಲಿ ಅವು ಬೆರಳಿಗೆ ಸಿಗೋದೇ ಇಲ್ಲ. ಉಳಿದದ್ದು ಕಿಂಡಿಗಳು, ಹ್ಯಾಚ್‌ಗಳು, ಅವುಗಳ ಉಂಗುರ, ಬೋಯ್, ಫಿನ್ ಪಕ್ಕದ ಹಿಡಿಕೆಗಳು, ಎರಡು ಪೆರಿಸ್ಕೋಪ್, ಸ್ನಾರ್ಕೆಲ್, ಹಿಂದಿನ ಮೂರು ಪ್ರೊಪೆಲ್ಲರ್. ಫಿನ್ ಅಂದ್ರೆ ಸಬ್‌ಮೆರೀನ್ ಬೆನ್ನ ಮೇಲೆ ಗೋಪುರದಂತೆ ಎದ್ದಿರುತ್ತಲ್ಲ, ಅದು.

ಎಸ್.ಪಿ. ರೋಡ್‌ನಿಂದ ಅಡುಗೆಮನೆವರೆಗೆ

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾಲ್ಕು ತಿಂಗಳ ವೀಕೆಂಡ್‌ಗಳು ಇದಕ್ಕೇ ಹೋದವು. ಮೈಗೆ ಪಿವಿಸಿ ಪೈಪ್. ಮೂತಿ ಮತ್ತು ಬಾಲ ಮಾತ್ರ ಪೈಪಿನಂತೆ ದುಂಡಗಿಲ್ಲ, ಅದಕ್ಕೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ತಂದೆ. ಮೆತ್ತಗಿದೆ, ಎಳೆ ಏಳಲ್ಲ, ಉಪ್ಪುಕಾಗದದಲ್ಲಿ ಉಜ್ಜಿದರೆ ಬೆಣ್ಣೆಯ ಹಾಗೆ ನುಣುಪು. ಕೀಲುಗಳಿಗೆ ಎಂ-ಸೀಲ್.

ಕಿಂಡಿಗಳೇ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿದ್ದು. ಸ್ಪ್ರೆಡ್‌ಶೀಟ್‌ನಿಂದ ನಕ್ಷೆ ಪ್ರಿಂಟ್ ತೆಗೆದು ಪೈಪಿಗೆ ಸುತ್ತಿ ಅಂಟಿಸಿದೆ. ಪ್ರತಿ ಕಿಂಡಿಯ ಎರಡು ತುದಿಗೂ ದಬ್ಬಳದಿಂದ ಗುರುತು. ಎಸ್.ಪಿ. ರೋಡ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯೋಕೆ ಅಂತ ಮಾರುವ ಒಂದು ಮಿಲಿಮೀಟರ್ ಬಿಟ್‌ಗಳಿಂದ ತೂತು, ಆಮೇಲೆ ನಡುವಿನದನ್ನು ಸೂಜಿ ಅರದಲ್ಲಿ ಉಜ್ಜಿ ಉದ್ದ ಮಾಡೋದು. ಪೈಪಿನ ಗೋಡೆ ಎರಡು ಮಿಲಿಮೀಟರ್ ದಪ್ಪ ಇದ್ದರೆ ನೂರರ ಲೆಕ್ಕದಲ್ಲಿ ಅದು 20 ಸೆಂಟಿಮೀಟರ್ ದಪ್ಪದ ಉಕ್ಕಿನ ತಟ್ಟೆ ಆಯ್ತು. ಹಾಗಾಗಿ ಒಳಗಿನಿಂದ ಕಿಂಡಿಯ ಅಂಚನ್ನು ಇಳಿಜಾರಾಗಿ ಕೆರೆದು ತೆಳು ಮಾಡಬೇಕು. ಬೆರಳ ತುದಿ ಕಿಂಡಿಯ ಮೇಲೆ ಹೋದಾಗ ಕೆಳಗೆ ಟೊಳ್ಳು ಇದೆ ಅಂತ ಗೊತ್ತಾಗೋದು ಆಗಲೇ.

ಹಿಡಿಕೆಗಳಿಗೆ ಗಿಟಾರ್ ತಂತಿ. ಸ್ಟೀಲ್ ಗಿಟಾರ್‌ನ ತೆಳು ತಂತಿ ಕಾಲು ಮಿಲಿಮೀಟರ್, ಅದು ಸ್ಕೇಲಿಗೆ ಹತ್ತಿರ. ಆದರೆ ಮೂರನೆಯ ತಂತಿ, 0.43 ಮಿಲಿಮೀಟರಿನದು, ಬೆರಳಿಗೆ ಚೆನ್ನಾಗಿ ಸಿಗುತ್ತೆ, ಒತ್ತಿದರೂ ಬಾಗಿ ವಾಪಸ್ ಬರುತ್ತೆ. ದಪ್ಪ ಸ್ವಲ್ಪ ಜಾಸ್ತಿ ಅಂತ ಯಾವ ಮಾಡೆಲ್ ಸ್ಪರ್ಧೆಯ ತೀರ್ಪುಗಾರನಾದರೂ ಅಂಕ ಕಡಿತಾನೆ. ನನ್ನ ತೀರ್ಪುಗಾರ ಕುಮಟಾದಲ್ಲಿದ್ದರು.

ಹ್ಯಾಚ್‌ಗಳು ಆಫೀಸಿನ ಪೇಪರ್ ಪಂಚ್‌ನ ಕೊಡುಗೆ. ಅದರ ತೂತು ಆರು ಮಿಲಿಮೀಟರ್, ನೂರರ ಲೆಕ್ಕದಲ್ಲಿ 60 ಸೆಂಟಿಮೀಟರ್, ಒಬ್ಬ ಮನುಷ್ಯ ನುಸುಳುವಷ್ಟು. ಪ್ಲಾಸ್ಟಿಕ್ ಫೈಲಿನ ಹೊದಿಕೆಯನ್ನು ಪಂಚ್ ಮಾಡಿ, ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಸುತ್ತ ತಾಮ್ರದ ತಂತಿಯ ಉಂಗುರ ಹಾಕಿದೆ. ಚಿಕ್ಕ ಸಂದುಗಳಿಗೆ ಸೂಪರ್ ಗ್ಲೂ ಹಾಕಿ, ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತೆ. ಆಮೇಲೆ ಅರದಿಂದ ಉಜ್ಜಬಹುದು. ಅಮ್ಮ ಮಾತ್ರ, ಸೋಡಾ ಡಬ್ಬಿ ಮತ್ತೆ ಅಡುಗೆಮನೆಗೆ ಬರಬಾರದು ಅಂತ ಆಜ್ಞೆ ಮಾಡಿದ್ದಾಳೆ.

ಪೆರಿಸ್ಕೋಪ್‌ಗೆ ಒಂದರೊಳಗೊಂದು ಕೂರುವ ಹಿತ್ತಾಳೆ ಕೊಳವೆಗಳು, ತುದಿಗೆ ಮೊನೆ ಕತ್ತರಿಸಿದ ಇಂಜೆಕ್ಷನ್ ಸೂಜಿ. ದಾಳಿಗೆ ಬಳಸುವ ಪೆರಿಸ್ಕೋಪ್‌ನ ತಲೆ ತೆಳ್ಳಗೆ, ಸುತ್ತ ನೋಡೋದಕ್ಕೆ ಇರೋದು ದಪ್ಪ. ಮುಟ್ಟಿದರೆ ಎರಡರ ವ್ಯತ್ಯಾಸ ತಿಳಿಯಬೇಕು. ಸ್ನಾರ್ಕೆಲ್ ಅನ್ನು ಹಿತ್ತಾಳೆಯಲ್ಲೇ ಬೆಸುಗೆ ಹಾಕಿ ಮಾಡಿದೆ, ಮೈಯೊಳಗೆ ಮೂರು ಸೆಂಟಿಮೀಟರ್ ಆಳಕ್ಕೆ ಇಳಿಸಿದೆ. ಅದು ಅಲ್ಲಾಡಲೇಬಾರದು. ಪ್ರೊಪೆಲ್ಲರ್‌ನ ಎಲೆಗಳನ್ನು ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ, ತಿರುಚಿ, ಅಂಚುಗಳನ್ನು ಕೆನ್ನೆಗೆ ಸವರಿ ನೋಡುವಷ್ಟು ನಯ ಮಾಡಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಇಡೀ ಮಾದರಿಯನ್ನು ಸವರಿದೆ. ಚುಚ್ಚಿದ ಕಡೆಯೆಲ್ಲ ಮತ್ತೆ ಅರ.

ಕುಮಟಾ

ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಒಂದು ಮೀಟರ್ ಉದ್ದದ ರಟ್ಟಿನ ಡಬ್ಬ ಪಕ್ಕದಲ್ಲಿಟ್ಟುಕೊಂಡು ಹೋದೆ. ಎದುರು ಬರ್ತ್‌ನವರು ವೀಣೆಯಾ ಅಂತ ಕೇಳಿದರು.

ಮಾವ ಜಗಲಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಇಟ್ಟೆ. ಏನು ಅಂತ ಹೇಳಲಿಲ್ಲ. ಎರಡೂ ಕೈ ಮೂತಿಯಿಂದ ಬಾಲದವರೆಗೆ ಒಮ್ಮೆ ಹೋಗಿ ಬಂದವು. ಆಮೇಲೆ ಫಿನ್ ಹತ್ತಿ, ತೆಳ್ಳನೆ ಪೆರಿಸ್ಕೋಪ್, ದಪ್ಪನೆಯದು, ಅದರ ಹಿಂದೆ ಸ್ನಾರ್ಕೆಲ್. ಅಲ್ಲಿ ಬೆರಳು ನಿಂತಿತು.

"ಇದರ ಬಾಯಿಗೆ ಅಲೆ ಬಂದರೆ ಮುಚ್ಚಿಕೊಳ್ತದೆ. ಡೀಸೆಲ್ ನಿಲ್ಲೋದಿಲ್ಲ, ಒಳಗಿನ ಗಾಳಿಯನ್ನೇ ಎಳೀತದೆ. ಕಿವಿ ಪಟ್ ಅಂತ ಒಡೆದ ಹಾಗೆ ಆಗ್ತದೆ. ರಾತ್ರಿಯಿಡೀ ಹಾಗೇ" ಅಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರ ಬಾಯಲ್ಲಿ ಈ ಮಾತು ಕೇಳಿರಲಿಲ್ಲ.

ಅತ್ತೆ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. "ನೀವು ಮಲಗ್ತಾ ಇದ್ದದ್ದು ಎಲ್ಲಿ?"

ಮಾವ ಫಿನ್‌ನಿಂದ ಹಿಂದಕ್ಕೆ ಬೆರಳಲ್ಲಿ ಅಳೆದು, ಮೈಯ ಒಂದು ಕಡೆ ಒತ್ತಿದರು. "ಇಲ್ಲಿ. ಕೆಳಗೆ ಬ್ಯಾಟರಿ, ಮೇಲೆ ನಾವು."

"ಇಷ್ಟರೊಳಗೆ ಎಷ್ಟು ಜನ?"

"ಎಪ್ಪತ್ತೈದು. ಒಬ್ಬ ಎದ್ದ ಹಾಸಿಗೆಗೆ ಇನ್ನೊಬ್ಬ."

ಅತ್ತೆ ಅವರ ಪಕ್ಕದಲ್ಲೇ ಕೂತರು. ಮಾವನ ಕೈ ಡೆಕ್ ಮೇಲೆ ಹಿಂದಕ್ಕೆ ಹೋಯ್ತು. ಹ್ಯಾಚ್ ಮೇಲೆ, ಅದರ ಉಂಗುರದ ಮೇಲೆ ಒಂದು ಸುತ್ತು. ಬೋಯ್ ಸಿಕ್ಕಿತು. ಅದನ್ನು ಎರಡು ಸಲ ಮುಟ್ಟಿ ಮುಂದಕ್ಕೆ ಹೋದರು. ಅತ್ತೆ ಬಿಡಲಿಲ್ಲ. "ಅದೆಂಥದು?"

"ಅದಾ? ನಮಗೆ ಬೇಕಾಗಲಿಲ್ಲ" ಅಂದರು ಮಾವ.

ಅತ್ತೆ ನನ್ನ ಮುಖ ನೋಡಿದರು. ನಾನು ಅದು ಏನಕ್ಕೆ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವರ್ಷ ಎರಡು ತಿಂಗಳು ಕಾಗದ ಇರಲಿಲ್ಲ. ಕಡಲು ಅಂದ್ರೆ ಟಪಾಲು ತಡ ಆಗೋದೇ ಅಂದ್ಕೊಂಡು ನಾನು ಸುಮ್ಮನೆ ಇದ್ದೆ" ಅಂದರು. ಮಾವ ಏನೂ ಹೇಳಲಿಲ್ಲ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮಧ್ಯಾಹ್ನದ ಊಟ ಮೂರು ಗಂಟೆಗೆ ಆಯ್ತು.

ಹೊರಡುವಾಗ ಮಾವ ಒಂದು ಬೇಡಿಕೆ ಇಟ್ಟರು. "ತಮಾ, ಮೇಲೆ ಒಬ್ಬ ಮನುಷ್ಯನ್ನ ನಿಲ್ಲಿಸು. ಇದು ಎಷ್ಟು ದೊಡ್ಡದು, ಎಷ್ಟು ಸಣ್ಣದು ಅಂತ ಮುಟ್ಟಿದವರಿಗೆ ಗೊತ್ತಾಗಲಿ." ನೂರರ ಲೆಕ್ಕದಲ್ಲಿ ಒಬ್ಬ ಮನುಷ್ಯ 17 ಮಿಲಿಮೀಟರ್. ತಾಮ್ರದ ತಂತಿಯ ಅಸ್ಥಿ, ಎಂ-ಸೀಲಿನ ಮೈ. ಸೊಂಟದವರೆಗೆ ಫಿನ್ ಒಳಗೆ ಹುಗಿದಿದ್ದೇನೆ, ಹಾಗಾದ್ರೆ ಯಾರು ಸವರಿದರೂ ಮುರಿಯಲ್ಲ. ಮುಂದಿನ ಸಲ ಹೋದಾಗ ಕೂರಿಸಬೇಕು.

ನೀವು ಹೋದರೆ

ವಿಶಾಖಪಟ್ಟಣಕ್ಕೆ ಹೋದರೆ ಕುರ್ಸುರಾಕ್ಕೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಟಿಕೆಟ್ ತಗೊಂಡು ನೇರ ಒಳಗೆ ನುಗ್ಗಬೇಡಿ. ಮೊದಲು ಹೊರಗೆ ಮೂತಿಯಿಂದ ಬಾಲದವರೆಗೆ ಒಂದು ಸುತ್ತು ನಡೆದು ಬನ್ನಿ. ಮೈಗೆ ನೇರ ಅಡ್ಡ ಬಿಸಿಲು ಬೀಳುವ ಹೊತ್ತಾದರೆ ಕಿಂಡಿಗಳ ಸಾಲು ಸ್ಪಷ್ಟ ಕಾಣುತ್ತೆ. ರಸ್ತೆಯ ಆ ಕಡೆ ಟಿಯು-142 ವಿಮಾನದ ಮ್ಯೂಸಿಯಂ ಇದೆ. ಸಬ್‌ಮೆರೀನ್‌ಗಳನ್ನು ಬೇಟೆಯಾಡೋಕೆ ಅಂತಲೇ ಮಾಡಿದ ವಿಮಾನ ಅದು. ಎರಡನ್ನೂ ಒಂದೇ ದಿನ ನೋಡಿದರೆ ಯಾರು ಯಾರಿಗೆ ಹೆದರುತ್ತಿದ್ದರು ಅನ್ನೋದು ಅರ್ಥವಾಗುತ್ತೆ. ಮಂಡಿ ನೋವಿರುವ ಹಿರಿಯರಿಗೆ ಆ ದುಂಡು ತೂತುಗಳು ಸ್ವಲ್ಪ ಕಷ್ಟ, ಮೊದಲೇ ಹೇಳಿ ಕರ್ಕೊಂಡು ಹೋಗಿ.

ಒಳಗೆ ಗುಂಪು ಬೇಗ ಬೇಗ ಮುಂದೆ ಹೋಗುತ್ತೆ. ನಾಲ್ಕನೇ ಕೋಣೆಯಲ್ಲಿ ಒಂದು ನಿಮಿಷ ಹಿಂದೆ ಉಳಿದು ಗೈಡ್‌ನ ಕೇಳಿ, ಬ್ಯಾಟರಿ ಎಲ್ಲಿ ಅಂತ. ಅವರು ಕಾಲಿಂದ ನೆಲ ತಟ್ಟಿ ತೋರಿಸ್ತಾರೆ.